ಆತ್ಮಾವಲೋಕನ: ಕಟಕಟೆ ಬೇಡ, ಕಾಗದ ಸಾಕು

ಆತ್ಮಾವಲೋಕನ ಮಾಡಿಕೊಳ್ಳುತ್ತೇನೆ ಎಂದು ಹೊರಟವರು ಹೆಚ್ಚಾಗಿ ಮಾಡುವುದು ಇಷ್ಟೇ: ದೀಪ ಆರಿಸಿ ಮಲಗಿ, ಹಗಲಲ್ಲಿ ಆಡಿದ ಯಾವುದೋ ಒಂದು ಮಾತನ್ನು ಹಿಡಿದುಕೊಂಡು, ‘ನಾನೇಕೆ ಹೀಗೆ?’ ಎಂದು ನಿದ್ದೆ ಬರುವ ತನಕ ಹೊರಳಾಡುವುದು. ಬೆಳಗ್ಗೆ ಉಳಿಯುವುದು ತಲೆಭಾರ. ನಾಲ್ಕು ದಿನ ಹೀಗೆ ಮಾಡಿ ‘ನನಗಿದು ಒಗ್ಗುವುದಿಲ್ಲ’ ಎಂದು ಕೈಬಿಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ. ಅವರು ಅಷ್ಟು ದಿನ ಕೊರಗುತ್ತಿದ್ದರು, ಅವಲೋಕನ ಇನ್ನೂ ಶುರುವೇ ಆಗಿರಲಿಲ್ಲ.

ಕೊರಗಿನಿಂದ ಆಗುವ ಹಾನಿ ಸಣ್ಣದಲ್ಲ. 1989ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಭೂಕಂಪವಾಯಿತು. ಅದಕ್ಕೆ ಎರಡು ವಾರ ಮೊದಲಷ್ಟೇ ಮನಶ್ಶಾಸ್ತ್ರಜ್ಞೆ ಸೂಸನ್ ನೋಲೆನ್-ಹೋಕ್ಸೆಮಾ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳಿಂದ ಅವರ ಮನಸ್ಥಿತಿಯ ಬಗ್ಗೆ ಪ್ರಶ್ನಾವಳಿ ತುಂಬಿಸಿಕೊಂಡಿದ್ದರು. ಕಂಪನದ ಹತ್ತು ದಿನಗಳ ಬಳಿಕ, ಮತ್ತೆ ಏಳು ವಾರಗಳ ಬಳಿಕ ಅದೇ ವಿದ್ಯಾರ್ಥಿಗಳನ್ನು ಕೇಳಿದರು. ಬೇಸರ ಬಂದಾಗಲೆಲ್ಲ ಅದನ್ನೇ ತಿರುತಿರುಗಿ ಮೆಲುಕು ಹಾಕುವ ಅಭ್ಯಾಸ ಇದ್ದವರಲ್ಲಿ ಖಿನ್ನತೆಯ ಲಕ್ಷಣ ಹೆಚ್ಚಿತ್ತು.

ಹಾಗಾದರೆ ಸರಿಯಾದ ಕ್ರಮ ಯಾವುದು?

1. ಹೊತ್ತು. ಹತ್ತು ನಿಮಿಷ, ರಾತ್ರಿಯ ಊಟಕ್ಕೆ ಮೊದಲು, ಕುರ್ಚಿಯ ಮೇಲೆ. ಹಾಸಿಗೆಯಲ್ಲಂತೂ ಬೇಡವೇ ಬೇಡ.

2. ಸಾಮಗ್ರಿ. ಒಂದು ಅಗ್ಗದ ನೋಟ್‌ಬುಕ್, ಒಂದು ಪೆನ್. ಪುಟಪುಟಕ್ಕೂ ‘ಇಂದು ನಿಮ್ಮನ್ನು ನಗಿಸಿದ್ದು ಯಾವುದು?’ ಎಂದು ಅಚ್ಚು ಹಾಕಿದ ದುಬಾರಿ ಡೈರಿಗಳು ಬರುತ್ತವೆ. ದುಡ್ಡು ದಂಡ. ಯಾರೋ ಕೇಳಿದ ಪ್ರಶ್ನೆಗೆ ಶಾಲೆಯ ಮಕ್ಕಳ ಹಾಗೆ ಉತ್ತರ ತುಂಬಿಸುತ್ತೀರಿ, ನಿಮ್ಮ ದಿನ ಹೊರಗೇ ಉಳಿಯುತ್ತದೆ. ಸತತ ಎಷ್ಟು ದಿನ ಬರೆದಿರಿ ಎಂದು ಎಣಿಸಿ ಪದಕ ಕೊಡುವ ಆ್ಯಪ್‌ಗಳು ಇನ್ನೂ ಕೆಟ್ಟವು. ಪದಕಕ್ಕಾಗಿ ಒಂದು ಸಾಲು ಗೀಚಿ ಮುಗಿಸುವ ಚಟ ಹತ್ತುತ್ತದೆ. ಬರೆಯಲು ಸೋಮಾರಿತನವಾದರೆ ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಬಹುದು, ಆದರೆ ಅದನ್ನು ಮತ್ತೆ ಕೇಳುವವರು ಕಡಿಮೆ.

ಮನಸ್ಸಿನಲ್ಲೇ ಮಾಡಿದರಾಗದೇ ಎಂದು ಕೇಳುವವರಿಗೆ ಒಂದು ಸಂಗತಿ. 2014ರಲ್ಲಿ ಪ್ರಕಟವಾದ, ಮನಶ್ಶಾಸ್ತ್ರಜ್ಞ ಟಿಮೊತಿ ವಿಲ್ಸನ್ ತಂಡದ ಪ್ರಯೋಗದಲ್ಲಿ ಜನರನ್ನು ಖಾಲಿ ಕೋಣೆಯಲ್ಲಿ 15 ನಿಮಿಷ ಸುಮ್ಮನೆ ಕೂರಿಸಿದರು. ಬೇಕಿದ್ದರೆ ಗುಂಡಿ ಒತ್ತಿ ತಮಗೆ ತಾವೇ ಸಣ್ಣ ವಿದ್ಯುತ್ ಶಾಕ್ ಕೊಟ್ಟುಕೊಳ್ಳಬಹುದಿತ್ತು. 18 ಗಂಡಸರಲ್ಲಿ 12 ಮಂದಿ, 24 ಹೆಂಗಸರಲ್ಲಿ ಆರು ಮಂದಿ ಒತ್ತಿಯೇಬಿಟ್ಟರು! ಖಾಲಿ ಕೂತ ಮನಸ್ಸು ಅಷ್ಟು ಚಡಪಡಿಸುತ್ತದೆ. ಕೈಯಲ್ಲಿ ಪೆನ್ ಇರಲಿ.

3. ತೀರ್ಪನ್ನು ಹೊಡೆದುಹಾಕಿ, ಘಟನೆಯನ್ನು ಬರೆಯಿರಿ. ಎಲ್ಲರೂ ಎಡವುವುದು ಇಲ್ಲಿ. ಪೆನ್ ಕೈಗೆ ಬಂದೊಡನೆ ನಾವು ನಮ್ಮನ್ನೇ ಕಟಕಟೆಗೆ ಹತ್ತಿಸಿ, ಸಾಕ್ಷಿ ಕೇಳದೆ ಶಿಕ್ಷೆ ಬರೆಯುತ್ತೇವೆ. ಒಂದು ಉದಾಹರಣೆ ನೋಡಿ:

‘ಅಕ್ಕನ ಜೊತೆ ನಾನು ಯಾವತ್ತೂ ಸರಿಯಾಗಿ ಮಾತಾಡುವುದಿಲ್ಲ. ನನಗೆ ತಾಳ್ಮೆಯೇ ಇಲ್ಲ.’

ಎರಡು ವಾಕ್ಯ, ಎರಡೂ ತೀರ್ಪು. ನಡೆದದ್ದೇನು ಎಂಬುದು ಒಂದಕ್ಷರವೂ ಇಲ್ಲ. ‘ಯಾವತ್ತೂ’, ‘ಯಾವಾಗಲೂ’, ‘ಎಂಥವನು’, ‘ಎಂಥವಳು’ ಕಂಡಲ್ಲೆಲ್ಲ ಗೆರೆ ಎಳೆಯಿರಿ. ಪಕ್ಕದಲ್ಲಿ ನಿಂತವರ ಕಣ್ಣಿಗೆ, ಕಿವಿಗೆ ಬಿದ್ದಿರಬಹುದಾದ್ದನ್ನು ಮಾತ್ರ ಮತ್ತೆ ಬರೆಯಿರಿ:

‘ಆರೂವರೆಗೆ ಅಕ್ಕನ ಫೋನ್ ಬಂತು. ಆಫೀಸಿನ ಮೇಲ್ ಅರ್ಧ ಬರೆದಿದ್ದೆ. ಟೈಪ್ ಮಾಡುತ್ತಲೇ ಎತ್ತಿಕೊಂಡೆ. ಅಮ್ಮನ ಮಾತ್ರೆಯ ವಿಷಯ ಎರಡನೇ ಸಲ ಕೇಳಿದಳು. “ಆಗಲೇ ಹೇಳಿದೆನಲ್ಲ” ಎಂದು ದನಿ ಏರಿಸಿದೆ. “ಆಯ್ತು ಬಿಡು” ಎಂದು ಇಟ್ಟುಬಿಟ್ಟಳು.’

ಇದರಲ್ಲಿ ಹಿಡಿಯಲು ಏನಾದರೂ ಸಿಗುತ್ತದೆ. ಈಗ ಪ್ರಶ್ನೆ ಕೇಳಿಕೊಳ್ಳಿ, ಆದರೆ ‘ಏಕೆ’ ಎಂದು ಶುರುಮಾಡಬೇಡಿ. ಏಕೆ ಎಂದರೆ ಸಾಕು, ಮನಸ್ಸು ಕೈಗೆ ಸಿಕ್ಕ ಕಾರಣವೊಂದನ್ನು ಮುಂದಿಟ್ಟು ಕೈತೊಳೆದುಕೊಳ್ಳುತ್ತದೆ. ಇದೇ ವಿಲ್ಸನ್ ಸಹೋದ್ಯೋಗಿಯೊಬ್ಬರ ಜೊತೆ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳಿಗೆ ಜಾಮ್‌ಗಳ ರುಚಿ ತೋರಿಸಲಾಗಿತ್ತು. ಸುಮ್ಮನೆ ಅಂಕ ಕೊಟ್ಟವರ ಆಯ್ಕೆ ಪರಿಣತರದ್ದಕ್ಕೆ ಹತ್ತಿರವಿತ್ತು. ಏಕೆ ಇಷ್ಟ, ಏಕೆ ಇಷ್ಟವಿಲ್ಲ ಎಂದು ಕಾರಣ ಬರೆದು ಅಂಕ ಕೊಟ್ಟವರದ್ದು ದೂರವಿತ್ತು. ಜಾಮಿನ ವಿಷಯದಲ್ಲೇ ಹೀಗಾದರೆ ಸ್ವಭಾವದ ವಿಷಯ ಕೇಳಬೇಕೆ?

ಬದಲಿಗೆ ಇವನ್ನು ಕೇಳಿ: ಆ ಹೊತ್ತಿನಲ್ಲಿ ಇನ್ನೇನು ನಡೆಯುತ್ತಿತ್ತು? ಹಿಂದೆ ಇಂಥದ್ದೇ ಆದಾಗ ಏನು ಸಮನಾಗಿತ್ತು? ಎದುರಿನವರ ಕಿವಿಗೆ ಅದು ಹೇಗೆ ಬಿದ್ದಿರಬಹುದು? ನಾಚಿಕೆಯಾಗಿ ಪೆನ್ ಮುಂದೆ ಹೋಗದಿದ್ದರೆ ‘ನಾನು’ ಬಿಟ್ಟು ನಿಮ್ಮ ಹೆಸರನ್ನೇ ಹಾಕಿ, ಬೇರೆಯವರ ಬಗ್ಗೆ ಬರೆದ ಹಾಗೆ ಬರೆಯಿರಿ. ತಮ್ಮನ್ನು ಹೆಸರು ಹಿಡಿದು ಕರೆದುಕೊಂಡವರಿಗೆ ಉದ್ವೇಗ ಕಡಿಮೆಯಾಗುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞ ಈಥನ್ ಕ್ರಾಸ್ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದ್ದಾರೆ. ಮೊದಲು ನಗು ಬರುತ್ತದೆ. ಬರಲಿ.

ಮೇಲಿನ ಪುಟದಿಂದ ಹೊರಬೀಳುವುದು ತಾಳ್ಮೆಯ ಕತೆಯಲ್ಲ, ಕೆಲಸದ ನಡುವೆ ಫೋನ್ ಎತ್ತುವ ಕತೆ. ತಾಳ್ಮೆ ಬೆಳೆಸುವುದು ಹೇಗೆಂದು ಯಾರಿಗೂ ಗೊತ್ತಿಲ್ಲ. ‘ಅರ್ಧ ಗಂಟೆ ಬಿಟ್ಟು ನಾನೇ ಮಾಡ್ತೀನಿ ಅಕ್ಕಾ’ ಎನ್ನುವುದು ಎಲ್ಲರಿಗೂ ಬರುತ್ತದೆ.

4. ನಾಳೆಗೆ ಒಂದೇ ಒಂದು ಬದಲಾವಣೆ. ಒಂದು ಸಾಲು ಸಾಕು. ಅಂದಹಾಗೆ, ಇಷ್ಟೆಲ್ಲ ಬರೆದು ಅಕ್ಕನಿಗೆ ಫೋನ್ ಮಾಡದೆ ಮಲಗುವವರೂ ಇದ್ದಾರೆ. ನೋಟ್‌ಬುಕ್ಕಿನಲ್ಲಿ ಕೇಳಿದ ಕ್ಷಮೆ ಅಕ್ಕನಿಗೆ ತಲುಪುವುದಿಲ್ಲ.

5. ಚೆನ್ನಾಗಿ ಹೋದದ್ದನ್ನೂ ಹೀಗೇ ವಿಚಾರಿಸಿ. ಬರೀ ತಪ್ಪುಗಳ ಪಟ್ಟಿಯಿಂದ ಬದುಕು ತುಂಬಿಕೊಳ್ಳುವುದಿಲ್ಲ. ಗಡಿಯಾರ ನೋಡುವುದನ್ನು ಮರೆತ ಒಂದು ಹೊತ್ತು ಇದ್ದರೆ ಅದನ್ನೂ ಅಷ್ಟೇ ವಿವರವಾಗಿ ಬರೆಯಿರಿ: ಎಲ್ಲಿದ್ದಿರಿ, ಯಾರಿದ್ದರು, ಕೈಯಲ್ಲಿ ಏನಿತ್ತು. ‘ಖುಷಿಯಾಯಿತು’ ಎಂದು ಬರೆದು ಮುಂದೆ ಹೋದರೆ ಮುಂದಿನ ತಿಂಗಳು ಓದಿದಾಗ ಏನೂ ನೆನಪಾಗದು.

ವಾರಕ್ಕೊಮ್ಮೆ ಹಾಳೆಯ ಎಡಗಡೆ ನಿಮಗೆ ಮುಖ್ಯ ಎಂದು ಹೇಳಿಕೊಳ್ಳುವ ಮೂರು ಸಂಗತಿ, ಬಲಗಡೆ ಆ ವಾರ ಅವಕ್ಕೆ ಕೊಟ್ಟ ಗಂಟೆಗಳನ್ನು ಬರೆಯಿರಿ. ಗಂಟೆಗಳನ್ನು ಅಂದಾಜಿನಲ್ಲಿ ಹಾಕಬೇಡಿ, ಕ್ಯಾಲೆಂಡರನ್ನೂ ಫೋನಿನ ಸ್ಕ್ರೀನ್ ಟೈಮನ್ನೂ ತೆರೆದು ನೋಡಿ. ಸಂಗೀತವೇ ಪ್ರಾಣ ಎನ್ನುವವರ ಬಲಗಡೆ ಸೊನ್ನೆ ಇದ್ದರೆ, ಒಂದೋ ಗಂಟೆ ಹೊಂದಿಸಬೇಕು, ಇಲ್ಲವೇ ಎಡಗಡೆಯ ಸಾಲನ್ನು ಅಳಿಸಬೇಕು. ಅಳಿಸುವುದೂ ತಪ್ಪಲ್ಲ.

6. ಹಳೆಯ ಗಾಯಕ್ಕೆ ಬೇರೆ ಲೆಕ್ಕ. ಸಾವು, ಮುರಿದ ಸಂಬಂಧ, ಅವಮಾನ ಇಂಥವನ್ನು ದಿನದ ಹತ್ತು ನಿಮಿಷಕ್ಕೆ ತರಬೇಡಿ. ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಅವರ ಜೊತೆಗಾರ್ತಿ ಸ್ಯಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ ಇಂಥ ಅನುಭವಗಳನ್ನು ಬರೆದರು. ಘಟನೆಯನ್ನೂ ಅದರ ಭಾವನೆಯನ್ನೂ ಒಟ್ಟಿಗೆ ಬರೆದವರು ಮುಂದಿನ ಆರು ತಿಂಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಬರೆದ ಕೂಡಲೇ ಮಾತ್ರ ಅವರ ಮನಸ್ಸು ಭಾರವಾಗಿತ್ತು. ಹಾಗಾಗಿ ಮರುದಿನ ಮುಖ್ಯ ಕೆಲಸವಿದ್ದರೆ ಶುರುಮಾಡಬೇಡಿ. ನಾಲ್ಕನೇ ದಿನದ ಬರಹ ಮೊದಲ ದಿನದ ನಕಲಿನಂತಿದ್ದರೆ ನೀವು ಮತ್ತೆ ಮೆಲುಕಿಗೆ ಬಿದ್ದಿದ್ದೀರಿ. ಪೆನ್ ಕೆಳಗಿಟ್ಟು ನಂಬಿಕೆಯವರೊಬ್ಬರ ಹತ್ತಿರ ಮಾತಾಡಿ. ನಿದ್ದೆ, ಊಟ ಕೆಟ್ಟಿದ್ದರೆ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ.

ನೋಟ್‌ಬುಕ್ಕನ್ನು ಯಾರಿಗೂ ತೋರಿಸಬೇಡಿ. ಓದುಗರು ಇದ್ದಾರೆಂದು ಗೊತ್ತಾದ ಕ್ಷಣ ನೀವು ಒಳ್ಳೆಯವರಾಗಿ ಕಾಣಲು ಬರೆಯತೊಡಗುತ್ತೀರಿ. ನಡುವೆ ದಿನಗಳು ತಪ್ಪಿಹೋದರೆ ಹಿಂದಕ್ಕೆ ಹೋಗಿ ತುಂಬಿಸಬೇಡಿ, ಅವತ್ತಿನ ತಾರೀಕು ಹಾಕಿ ಮುಂದುವರಿಸಿ.