ಹಾಸ್ಟೆಲ್ ರೂಮಿಗೆ ಸ್ವಂತ ರೂಟರ್: ಕೇಬಲ್ ಯಾವ ಪೋರ್ಟಿಗೆ?

ರೂಮಿನ ಗೋಡೆಯಲ್ಲಿ ಲ್ಯಾನ್ ಪೋರ್ಟ್ (ನೆಟ್ ಕೇಬಲ್ ಸಿಕ್ಕಿಸುವ ಕಿಂಡಿ) ಇದೆ, ಕಾರಿಡಾರಿನ ವೈಫೈ ಮಾತ್ರ ಬಾಗಿಲು ದಾಟುವಷ್ಟರಲ್ಲಿ ಒಂದು ಕಡ್ಡಿಗೆ ಇಳಿಯುತ್ತದೆ ಎಂದಾದರೆ ಸ್ವಂತ ರೂಟರ್ ಇಟ್ಟುಕೊಳ್ಳಬಹುದು. ಆದರೆ ಕೊಳ್ಳುವ ಮೊದಲು ಹಾಸ್ಟೆಲ್ ನಿಯಮ ಓದಿ. ಕೆಲವು ಕಾಲೇಜುಗಳಲ್ಲಿ ರೂಟರಿಗೆ ಅನುಮತಿಯೇ ಇಲ್ಲ, ಕೆಲವು ಕಡೆ ಆಕ್ಸೆಸ್ ಪಾಯಿಂಟ್ ಆಗಿ, ಅಂದರೆ ಕೇಬಲಿನ ನೆಟ್ಟನ್ನು ವೈಫೈ ಮಾಡುವುದಕ್ಕಷ್ಟೇ, ಬಳಸಿದರೆ ಸರಿ. ನೆಟ್‌ವರ್ಕ್ ವಿಭಾಗಕ್ಕೆ ಮೇಲ್ ಹಾಕಿ ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ. ವಾರ್ಡನ್ ಬಾಯಿಮಾತಿನಲ್ಲಿ ‘ಆಯ್ತು’ ಅಂದದ್ದು, ಪೋರ್ಟ್ ಬ್ಲಾಕ್ ಆದ ದಿನ ಕೆಲಸಕ್ಕೆ ಬರುವುದಿಲ್ಲ.

ಕೊಳ್ಳುವಾಗ ಡ್ಯುಯಲ್ ಬ್ಯಾಂಡ್ (2.4 ಮತ್ತು 5 ಗಿಗಾಹರ್ಟ್ಸ್ ಎರಡೂ ಇರುವ) ರೂಟರೇ ಇರಲಿ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11 ಮಾತ್ರ. ಇಡೀ ಮಹಡಿಯ ಹಾಟ್‌ಸ್ಪಾಟ್‌ಗಳು ಅಲ್ಲೇ ಗುದ್ದಾಡುತ್ತಿರುತ್ತವೆ. 5 ಗಿಗಾಹರ್ಟ್ಸ್ ಗೋಡೆ ದಾಟಲು ಕಷ್ಟಪಡುತ್ತದೆ. ಮನೆಯಲ್ಲಿ ಅದು ತೊಂದರೆ, ಹಾಸ್ಟೆಲಿನಲ್ಲಿ ವರದಾನ: ಪಕ್ಕದ ರೂಮಿನ ಸಿಗ್ನಲ್ ನಿಮ್ಮದಕ್ಕೆ ಅಷ್ಟಾಗಿ ಅಡ್ಡ ಬರುವುದಿಲ್ಲ. ಗೋಡೆಯ ಪೋರ್ಟೇ 100 ಎಂಬಿಪಿಎಸ್ ಆಗಿದ್ದರೆ ಗಿಗಾಬಿಟ್ ರೂಟರಿಗೆ ಹೆಚ್ಚು ಹಣ ಸುರಿಯಬೇಕಿಲ್ಲ. ಲ್ಯಾಪ್‌ಟಾಪಿಗೆ ಕೇಬಲ್ ಸಿಕ್ಕಿಸಿ ಲಿಂಕ್ ಸ್ಪೀಡ್ ಎಷ್ಟಿದೆ ಎಂದು ಮೊದಲೇ ನೋಡಿಕೊಳ್ಳಿ. ಎರಡು ಮೀಟರಿನ ಕ್ಯಾಟ್ 5ಇ ಕೇಬಲ್ ಸಾಕು.

ಈಗ ಅಸಲಿ ವಿಷಯ. ಗೋಡೆಯಿಂದ ಬರುವ ಕೇಬಲ್ ಹೋಗಬೇಕಾದ್ದು ರೂಟರಿನ ವ್ಯಾನ್ ಪೋರ್ಟಿಗೆ, ಅಂದರೆ ಹೊರಗಿನ ನೆಟ್ ಒಳಬರುವ ಕಿಂಡಿಗೆ. ಬಹಳಷ್ಟು ರೂಟರ್‌ಗಳಲ್ಲಿ ಅದಕ್ಕೆ ಬೇರೆ ಬಣ್ಣ ಇರುತ್ತದೆ. ತಪ್ಪಿ ರೂಮಿನ ಸಾಧನಗಳಿಗೆಂದು ಇರುವ ಲ್ಯಾನ್ ಪೋರ್ಟಿಗೆ ಸಿಕ್ಕಿಸಿದಿರೋ, ನಿಮ್ಮ ರೂಟರಿನ ಡಿಎಚ್‌ಸಿಪಿ (ಸಾಧನಗಳಿಗೆ ಐಪಿ, ಅಂದರೆ ನೆಟ್‌ವರ್ಕ್ ವಿಳಾಸ, ಕೊಡುವ ವ್ಯವಸ್ಥೆ) ಇಡೀ ವಿಂಗಿಗೆ ಐಪಿ ಹಂಚಲು ಶುರುಮಾಡುತ್ತದೆ. ಪಕ್ಕದ ರೂಮಿನವರ ಲ್ಯಾಪ್‌ಟಾಪ್ ಐಪಿ ಕೇಳಿದಾಗ ಕಾಲೇಜಿನ ಸರ್ವರ್‌ಗಿಂತ ಮೊದಲು ನಿಮ್ಮದು ಉತ್ತರ ಕೊಟ್ಟರೆ, ಅವರಿಗೆ 10ರಿಂದ ಶುರುವಾಗುವ ಕಾಲೇಜಿನ ವಿಳಾಸದ ಬದಲು 192.168.0ರ ವಿಳಾಸ, ಗೇಟ್‌ವೇ (ಇಂಟರ್ನೆಟ್ಟಿಗೆ ಹೋಗುವ ಬಾಗಿಲು) ಆಗಿ 192.168.0.1 ಸಿಗುತ್ತದೆ. ಆ ಗೇಟ್‌ವೇಯ ಆಚೆ ದಾರಿಯೇ ಇಲ್ಲ. ‘ಕನೆಕ್ಟೆಡ್, ನೋ ಇಂಟರ್ನೆಟ್’. ಕಾಲೇಜಿನವರು ಸ್ವಿಚ್ಚಿನ (ಮಹಡಿಯ ನೆಟ್ ಕೇಬಲ್‌ಗಳೆಲ್ಲ ಸೇರುವ ಪೆಟ್ಟಿಗೆ) ಮ್ಯಾಕ್ ಪಟ್ಟಿ, ಅಂದರೆ ಸಾಧನಗಳ ಗುರುತು ಸಂಖ್ಯೆಗಳ ಪಟ್ಟಿ, ನೋಡಿದರೆ ಆ ರೂಟರ್ ಯಾವ ಪೋರ್ಟಿನಲ್ಲಿದೆ ಎಂದು ಗೊತ್ತಾಗಿಬಿಡುತ್ತದೆ, ಪೋರ್ಟ್ ಬಂದ್.

ಹಾಗಾಗಿ ಗೋಡೆಗೆ ಸಿಕ್ಕಿಸುವ ಮೊದಲೇ ಸೆಟ್ಟಿಂಗ್ ಮುಗಿಸಿ. ರೂಟರ್ ಆನ್ ಮಾಡಿ, ಅದರ ಅಡಿಯ ಲೇಬಲಿನಲ್ಲಿರುವ ಹೆಸರು, ಪಾಸ್‌ವರ್ಡ್‌ನಿಂದ ಸೇರಿ, ಅಲ್ಲೇ ಬರೆದಿರುವ ವಿಳಾಸವನ್ನು ಬ್ರೌಸರಿನಲ್ಲಿ ತೆರೆಯಿರಿ. ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಡಬ್ಲ್ಯುಪಿಎಸ್ (ಗುಂಡಿ ಅಥವಾ ಪಿನ್‌ನಿಂದ ವೈಫೈ ಸೇರುವ ಸೌಲಭ್ಯ) ಮತ್ತು ರಿಮೋಟ್ ಮ್ಯಾನೇಜ್‌ಮೆಂಟ್ ಆಫ್ ಮಾಡಿ. ವೈಫೈಗೆ ಡಬ್ಲ್ಯುಪಿಎ2 ಅಥವಾ 3 ಭದ್ರತೆ, ಕನಿಷ್ಠ 12 ಅಕ್ಷರದ ಪಾಸ್‌ವರ್ಡ್. ಕಾಲೇಜಿನ ವೈಫೈ ಹೆಸರನ್ನೇ ಇಡಬೇಡಿ: ಬೇರೆಯವರ ಫೋನುಗಳು ನಿಮ್ಮದಕ್ಕೆ ಸೇರಲು ಹೆಣಗುತ್ತವೆ, ನೋಡುವವರಿಗೂ ಅದು ಪಾಸ್‌ವರ್ಡ್ ಕದಿಯುವ ಬಲೆಯಂತೆ ಕಾಣುತ್ತದೆ. 2.4ರಲ್ಲಿ ಚಾನೆಲ್ ಅಗಲ 20 ಮೆಗಾಹರ್ಟ್ಸ್‌ಗೆ ಇಳಿಸಿ. ಟ್ರಾನ್ಸ್‌ಮಿಟ್ ಪವರ್ ಆಯ್ಕೆ ಇದ್ದರೆ ‘ಲೋ’ ಸಾಕು. ಹತ್ತಡಿ ರೂಮಿಗೆ ಅದೇ ಹೆಚ್ಚು.

ಮಾಮೂಲಿ ರೂಟರ್ ಮೋಡ್‌ನಲ್ಲಿ ಕಾಲೇಜಿಗೆ ಇಡೀ ರೂಮು ಒಂದೇ ಸಾಧನದಂತೆ ಕಾಣುತ್ತದೆ, ಹಾಗಾಗಿ ಒಬ್ಬರು ಕಾಲೇಜಿನ ಲಾಗಿನ್ ಪುಟದಲ್ಲಿ ಐಡಿ ಹಾಕಿದರೆ ರೂಮಿನವರೆಲ್ಲರ ಸಾಧನಗಳಿಗೂ ನೆಟ್ ಸಿಗುತ್ತದೆ. ಅನುಕೂಲವೇ. ಆದರೆ ರೂಮ್‌ಮೇಟ್ ಟೊರೆಂಟ್ ಹಾಕಿದರೂ ಲಾಗ್‌ನಲ್ಲಿ ಕಾಣುವುದು ಲಾಗಿನ್ ಮಾಡಿದ ನಿಮ್ಮ ಯುಎಸ್ಎನ್ (ವಿದ್ಯಾರ್ಥಿ ನೋಂದಣಿ ಸಂಖ್ಯೆ)! ರೂಮಿನಲ್ಲಿ ಮೂವರಿದ್ದರೆ ಆಕ್ಸೆಸ್ ಪಾಯಿಂಟ್ ಮೋಡ್ ಮೇಲು. ಅದರಲ್ಲಿ ಪ್ರತಿ ಸಾಧನವೂ ಕಾಲೇಜಿನಿಂದಲೇ ಐಪಿ ಪಡೆದು ತನ್ನ ಲಾಗಿನ್ ತಾನೇ ಮಾಡುತ್ತದೆ. ಕೆಲವು ಸ್ವಿಚ್ಚುಗಳು ಪೋರ್ಟಿಗೆ ಒಂದೇ ಮ್ಯಾಕ್ ಬಿಡುತ್ತವೆ. ಅಲ್ಲಿ ಎರಡನೇ ಫೋನ್ ಸೇರುತ್ತಲೇ ಪೋರ್ಟ್ ಲಾಕ್ ಆಗಬಹುದು, ಮೊದಲೇ ಕೇಳಿ. ಈ ಮೋಡ್‌ನಲ್ಲೂ ಕೇಬಲ್ ವ್ಯಾನ್ ಪೋರ್ಟಿನಲ್ಲೇ ಇರಲಿ. ಯಾರಾದರೂ ರೀಸೆಟ್ ಒತ್ತಿದರೆ ಅದು ಮತ್ತೆ ರೂಟರ್ ಮೋಡ್‌ಗೆ ಮರಳುತ್ತದೆ, ಆಗ ಕೇಬಲ್ ಲ್ಯಾನ್ ಪೋರ್ಟಿನಲ್ಲಿದ್ದರೆ ಮೇಲೆ ಹೇಳಿದ ರಾಮಾಯಣವೇ.

ಲಿಂಕ್ ಲೈಟ್ ಉರಿದರೂ ನೆಟ್ ಬರದಿದ್ದರೆ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ ನೋಡಿ. ಅದು 0.0.0.0 ಎಂದಿದ್ದರೆ ಕಾಲೇಜು ಮ್ಯಾಕ್ ನೋಂದಣಿ ಕೇಳುತ್ತಿರಬಹುದು. ಕೊಡಬೇಕಾದ್ದು ಸ್ಟೇಟಸ್ ಪುಟದಲ್ಲಿ ವ್ಯಾನ್ ಎದುರು ಕಾಣುವ ಮ್ಯಾಕ್. ಲೇಬಲಿನಲ್ಲಿರುವುದು ಕೆಲವೊಮ್ಮೆ ಲ್ಯಾನ್‌ನದು, ಕೊನೆಯ ಅಂಕಿ ಬೇರೆ ಇರುತ್ತದೆ. ವ್ಯಾನ್, ಲ್ಯಾನ್ ಎರಡೂ ಕಡೆ 192.168.0 ಸರಣಿಯೇ ಇದ್ದರೆ ರೂಟರಿಗೆ ಒಳಗೆ ಯಾವುದು, ಹೊರಗೆ ಯಾವುದು ಎಂದು ತಿಳಿಯುವುದಿಲ್ಲ. ಲ್ಯಾನ್ ವಿಳಾಸವನ್ನು 192.168.77.1 ಮಾಡಿ. ಲಾಗಿನ್ ಪುಟವೇ ತೆರೆಯದಿದ್ದರೆ ರೂಟರಿನಲ್ಲಿ ಕೈಯಾರೆ ಹಾಕಿದ 8.8.8.8 (ತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ಗೂಗಲ್ ಡಿಎನ್ಎಸ್) ತೆಗೆಯಿರಿ, ಫೋನಿನ ಪ್ರೈವೇಟ್ ಡಿಎನ್ಎಸ್ ಆಫ್ ಮಾಡಿ, ಎಚ್‌ಟಿಟಿಪಿಎಸ್ ಅಲ್ಲದ ಯಾವುದಾದರೂ ತಾಣ ತೆರೆದು ನೋಡಿ.

ರೂಟರನ್ನು ಸ್ಟೀಲ್ ಬೀರುವಿನ ಹಿಂದೆ ತುರುಕಬೇಡಿ, ಮೇಜಿನ ಮೇಲಿರಲಿ. ಕರೆಂಟ್ ಹೋದಾಗ ನೆಟ್ ಬೇಕೆಂದು ಮಿನಿ ಯುಪಿಎಸ್ ಕೊಳ್ಳುವವರು ಅಡಾಪ್ಟರಿನಲ್ಲಿ ಬರೆದಿರುವ ವೋಲ್ಟೇಜ್ ನೋಡಿ: 9 ವೋಲ್ಟಿನ ರೂಟರಿಗೆ 12 ವೋಲ್ಟ್ ಕೊಟ್ಟರೆ ಸುಡಬಹುದು. ಅದಕ್ಕೂ ಮೊದಲು, ಮಹಡಿಯ ಸ್ವಿಚ್ಚಿಗೆ ಬ್ಯಾಕಪ್ ಇದೆಯೇ ಎಂದು ವಿಚಾರಿಸಿ. ಅದೇ ಆರಿಹೋಗುವುದಾದರೆ ನಿಮ್ಮ ಯುಪಿಎಸ್ಸಿಗೆ ಹಾಕಿದ ದುಡ್ಡು ದಂಡ.