ಹಳೆಯ ಪಿಡಿಎಫ್‌ಗಳನ್ನು ಫೋನಿನಲ್ಲಿ ಓದೋದು: ನನ್ನ ಅನುಭವ

ಈಚೆಗೆ ನನ್ನ ಓದೆಲ್ಲ ಹಳೆಯ ಪ್ರಬಂಧಗಳದ್ದು. ಮರುಮುದ್ರಣ ಕಾಣದ ಪುಸ್ತಕಗಳಾದ್ದರಿಂದ ಸಿಗುವುದು ಪಿಡಿಎಫ್ ಮಾತ್ರ. ಫೋನಿನಲ್ಲಿ ಅದನ್ನು ಓದುವುದೆಂದರೆ ಸಾಲು ಸಾಲಿಗೂ ಹಿಗ್ಗಿಸು, ಪಕ್ಕಕ್ಕೆ ಎಳೆ, ಮತ್ತೆ ಹಿಂದಕ್ಕೆ ತಾ. ಇಪಬ್ ಅನ್ನೋ ಇ-ಪುಸ್ತಕದ ಕಡತ ಆದರೆ ಪರದೆಯ ಅಗಲಕ್ಕೆ ತಕ್ಕಂತೆ ಸಾಲುಗಳು ತಾವೇ ಹೊಂದಿಕೊಳ್ಳುತ್ತವೆ. ಹಾಗಾಗಿ ಪೂರ್ತಿ ಓದಬೇಕು ಅನ್ನಿಸಿದ್ದನ್ನು ಇಪಬ್ ಮಾಡಿಕೊಳ್ಳುತ್ತೇನೆ.

ಪಿಡಿಎಫ್ ಕೈಗೆ ಬಂದ ಕೂಡಲೇ ಒಂದು ಪರೀಕ್ಷೆ. ಕಣ್ಣೆದುರಿಗೇ ಇರುವ ಒಂದು ಪದವನ್ನು, 'ಮಳೆ' ಅಂತಿಟ್ಟುಕೊಳ್ಳಿ, ಹುಡುಕಿ ನೋಡುತ್ತೇನೆ. ಸಿಕ್ಕರೆ ಪುಣ್ಯ. ಸಿಗದಿದ್ದರೆ ಒಂದು ಸಾಲನ್ನು ಕಾಪಿ ಮಾಡಿ ಬೇರೆ ಕಡೆ ಅಂಟಿಸುತ್ತೇನೆ. ತಲೆ ಮೇಲೆ ಗೆರೆ ಹೊತ್ತ ಇಂಗ್ಲಿಷ್ ಅಕ್ಷರ, ನಡುನಡುವೆ ಪೌಂಡಿನ ಗುರುತು ಬಂತೋ, ಅದು 'ನುಡಿ'ಯಂಥ ಹಳೆಯ ಕನ್ನಡ ಫಾಂಟು. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ನಮ್ಮ ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅಲ್ಲ. ಎಲ್ಲ ಭಾಷೆಗಳ ಅಕ್ಷರಕ್ಕೂ ಕಂಪ್ಯೂಟರಿನಲ್ಲಿ ಅದರದ್ದೇ ಸಂಖ್ಯೆ ಕೊಡುವ ಯುನಿಕೋಡ್ ವ್ಯವಸ್ಥೆ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನ ಕೊಟ್ಟಿತ್ತು. ಆದರೂ ಪುಟವಿನ್ಯಾಸದ ಕೆಲಸ ಹಳೆಯ ಫಾಂಟುಗಳಲ್ಲೇ ಬಹುಕಾಲ ನಡೆಯಿತು. ಇರಲಿ, ಇದನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ. ಜಾಸ್ತಿ ಹೊತ್ತು ಹಿಡಿಯುವುದಿಲ್ಲ.

ಏನೂ ಕಾಪಿಯೇ ಆಗದಿದ್ದರೆ ಅದು ಬರೀ ಫೋಟೋ. ಆಗ ಓಸಿಆರ್, ಅಂದರೆ ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವ ತಂತ್ರಾಂಶ, ಬೇಕು. ನಾನು ಬಳಸುವುದು ಟೆಸರಾಕ್ಟ್; ಪುಕ್ಕಟೆ, ಕನ್ನಡವೂ ಗೊತ್ತು. ಸೊಟ್ಟಗಿರುವ ಪುಟಗಳನ್ನು ನೆಟ್ಟಗೆ ಮಾಡಿ, ಮೇಲಿನ ಅಧ್ಯಾಯದ ಹೆಸರು, ಕೆಳಗಿನ ಪುಟಸಂಖ್ಯೆ ಎರಡನ್ನೂ ಕತ್ತರಿಸಿಯೇ ಕೊಡುತ್ತೇನೆ. ಕೈಕೆಲಸ ಮಾಡುವಾಗ ಫೋನಿನಿಂದ ಓದಿಸಿಕೊಂಡು ಕೇಳುವ ಅಭ್ಯಾಸ ನನಗೆ. ವಾಕ್ಯದ ನಡುವೆ ಆ ದನಿ ಗಂಭೀರವಾಗಿ 'ನಲವತ್ತೇಳು' ಅಂದರೆ, ಯಾರ ವಯಸ್ಸಪ್ಪಾ ಇದು ಅಂತ ತಲೆ ಕೆರೆದುಕೊಳ್ಳಬೇಕಾಗುತ್ತದೆ, ಅಲ್ವಾ?

ಇಷ್ಟಾದರೂ ತಪ್ಪುಗಳು ಉಳಿಯುತ್ತವೆ. ಪ-ಷ ಅದಲುಬದಲು, ಘ-ಫ ಅದಲುಬದಲು. ಒತ್ತಕ್ಷರ ಮಾಯ. ಅನುಸ್ವಾರ ಇರಬೇಕಾದಲ್ಲಿ ಅಂಕಿಯ ಸೊನ್ನೆ. ಈ ಕೊನೆಯದು ಬಲು ಕಿಲಾಡಿ: ನೋಡಲು ಎರಡೂ ಒಂದೇ, ಹುಡುಕಿದಾಗ ಮಾತ್ರ ಪದ ಸಿಗುವುದಿಲ್ಲ. ಹುಡುಕಿ-ಬದಲಿಸಿ ಆಯ್ಕೆಯಿಂದ ಒಂದೇ ಸಲಕ್ಕೆ ಸರಿಮಾಡೋಣ ಅಂದರೆ ನಿಜವಾದ ಕನ್ನಡ ಅಂಕಿಗಳೂ ಕೆಡುತ್ತವೆ. ಅಕ್ಷರದ ಬೆನ್ನಿಗೆ ಅಂಟಿಕೊಂಡ ಸೊನ್ನೆಯನ್ನಷ್ಟೇ ಬದಲಿಸಬೇಕು. ಉಳಿದದ್ದನ್ನೆಲ್ಲ ತಿದ್ದುತ್ತ ಕೂತರೆ ಓದು ಮುಗಿದ ಹಾಗೇ. ಹೆಸರು, ಇಸವಿ ಮಾತ್ರ ಮೂಲದ ಜೊತೆ ತಾಳೆ ನೋಡುತ್ತೇನೆ.

ಕವನಗಳಿಗೆ ಈ ಉಪಚಾರ ಬೇಡ. ಸುಮ್ನೆ ಎಲ್ಲೆಂದರಲ್ಲಿ ಸಾಲು ಮುರಿದು ಹೋಗುತ್ತದೆ. ಅವನ್ನು ಪಿಡಿಎಫ್‌ನಲ್ಲೇ, ಫೋನ್ ಅಡ್ಡ ಹಿಡಿದು ಓದುತ್ತೇನೆ.