ಹಳೆ ಕಂಪ್ಯೂಟರಿಗೆ ಹಗುರ ಡೆಸ್ಕ್‌ಟಾಪ್: ಸಿಂಧನೂರಿನ ನನ್ನ ಸೆಂಟರಿನಲ್ಲಿ ಮಾಡಿ ನೋಡಿದ್ದು

ಸಿಂಧನೂರಿನಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ಸೆಂಟರ್ ಇದೆ. ಬೆಳಿಗ್ಗೆ, ಸಂಜೆ ಹುಡುಗರಿಗೆ ಟೈಪಿಂಗ್ ಮತ್ತು ಬೇಸಿಕ್ ಕ್ಲಾಸು. ನಡುವೆ ಝೆರಾಕ್ಸ್, ಪಹಣಿ, ಸ್ಕಾಲರ್‌ಶಿಪ್ ಅರ್ಜಿ. ಕಂಪ್ಯೂಟರುಗಳೆಲ್ಲ ಸೆಕೆಂಡ್ ಹ್ಯಾಂಡ್. ಹೆಚ್ಚಿನವು ಕೋರ್ 2 ಡ್ಯುಯೋ ಎಂಬ ಹಳೆ ಪ್ರೊಸೆಸರಿನವು. ಕೆಲವದರಲ್ಲಿ 2 ಜಿಬಿ ರ‍್ಯಾಮ್, ಕೆಲವದರಲ್ಲಿ 4.

ವಿಂಡೋಸ್ 10ಕ್ಕೆ ಉಚಿತ ಸೆಕ್ಯುರಿಟಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲುತ್ತದೆ ಎಂದಾಗ ಲೆಕ್ಕ ಹಾಕಲೇಬೇಕಾಯಿತು. ವಿಂಡೋಸ್ 11 ಬೇಕೆಂದರೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಎಂಬ ಸೆಕ್ಯುರಿಟಿ ಚಿಪ್ ಇರಬೇಕು. ಪ್ರೊಸೆಸರ್ ಅವರ ಪಟ್ಟಿಯಲ್ಲೂ ಇರಬೇಕು. ನಮ್ಮ ಕೋರ್ 2 ಡ್ಯುಯೋ ಆ ಪಟ್ಟಿಯ ಹತ್ತಿರಕ್ಕೂ ಹೋಗುವುದಿಲ್ಲ. ಎಲ್ಲವನ್ನೂ ಹೊಸದು ತರೋಣ ಎಂದರೆ, ಭತ್ತ ಮಾರಿದ ಮೇಲೆ ಫೀ ಕಟ್ಟುತ್ತೇವೆ ಅನ್ನುವ ಊರಿದು. ಹಾಗಾಗಿ ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಲಿನಕ್ಸ್ ಕಡೆ ತಿರುಗಿದೆ. ಅದರಲ್ಲೂ ಹಗುರ ಡೆಸ್ಕ್‌ಟಾಪ್ ಯಾವುದು ಎಂದು ಹುಡುಕಿದೆ.

ಹೊಸಬರಿಗೆ ಇಲ್ಲೊಂದು ವಿಷಯ ಹೇಳಬೇಕು. ವಿಂಡೋಸ್‌ನಲ್ಲಿ ಕೆಳಗಿನ ಪಟ್ಟಿ, ಸ್ಟಾರ್ಟ್ ಮೆನು, ಫೋಲ್ಡರ್ ತೆರೆಯುವ ಕಿಟಕಿ ಎಲ್ಲ ಒಟ್ಟಿಗೇ ಬರುತ್ತವೆ. ಬೇಡ ಎಂದರೂ ಬಿಡುವ ಹಾಗಿಲ್ಲ. ಲಿನಕ್ಸ್‌ನಲ್ಲಿ ಇವೆಲ್ಲ ಬೇರೆ ಬೇರೆ ಪ್ರೋಗ್ರಾಂಗಳು. ಅವನ್ನು ಒಟ್ಟು ಸೇರಿಸಿದ್ದಕ್ಕೆ ಡೆಸ್ಕ್‌ಟಾಪ್ ಎನ್‌ವಿರಾನ್‌ಮೆಂಟ್ ಅನ್ನುತ್ತಾರೆ. ಒಳಗಿನ ಸಿಸ್ಟಮ್ ಒಂದೇ ಇರುತ್ತದೆ, ಮೇಲಿನ ಈ ಸೆಟ್ ಮಾತ್ರ ಬದಲಿಸಬಹುದು. ಗ್ನೋಮ್, ಕೆಡಿಇ ದೊಡ್ಡವು, ಅಂದವಾಗಿವೆ, ರ‍್ಯಾಮ್ ಜಾಸ್ತಿ ಕೇಳುತ್ತವೆ. ಎಕ್ಸ್‌ಎಫ್‌ಸಿಇ ಮತ್ತು ಎಲ್‌ಎಕ್ಸ್‌ಕ್ಯೂಟಿ ಹಗುರವಾದವು.

ಎಕ್ಸ್‌ಎಫ್‌ಸಿಇ ಹಳೆಯದು, 1996ರಲ್ಲಿ ಶುರುವಾದದ್ದು. ಎಲ್‌ಎಕ್ಸ್‌ಕ್ಯೂಟಿ ಅದರ ಮುಂದೆ ಚಿಕ್ಕ ಹುಡುಗ. ಎಲ್‌ಎಕ್ಸ್‌ಡಿಇ ಎಂಬ ಹಗುರ ಡೆಸ್ಕ್‌ಟಾಪ್ ಮೊದಲೇ ಇತ್ತು. ಅದನ್ನು ಕ್ಯೂಟಿ ಎಂಬ ಲೈಬ್ರರಿಗೆ (ಕಿಟಕಿ, ಬಟನ್ ಮಾಡುವ ಸಿದ್ಧ ಕೋಡ್) ತರುವ ಕೆಲಸ ಮತ್ತು ರೇಜರ್ ಕ್ಯೂಟಿ ಎಂಬ ಇನ್ನೊಂದು ಯೋಜನೆ 2013ರಲ್ಲಿ ಕೂಡಿಕೊಂಡವು. ಮೊದಲ ಬಿಡುಗಡೆ 2014ರಲ್ಲಿ. ಲುಬುಂಟು ಎಂಬ ಲಿನಕ್ಸ್ ತನ್ನ 18.10 ಆವೃತ್ತಿಯಿಂದ ಇದನ್ನೇ ಬಳಸುತ್ತಿದೆ. ಇತಿಹಾಸ ಇಷ್ಟು ಸಾಕು.

ಯಾವುದನ್ನೂ ಇನ್‌ಸ್ಟಾಲ್ ಮಾಡುವ ಮುಂಚೆ ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಿದೆ. ವೆಂಟಾಯ್ ಎಂಬ ಸಾಫ್ಟ್‌ವೇರ್ ಇದೆ. ಒಮ್ಮೆ ಅದನ್ನು ಪೆನ್‌ಡ್ರೈವ್‌ಗೆ ಹಾಕಿದರೆ ಸಾಕು, ಆಮೇಲೆ ಐಎಸ್‌ಒ ಫೈಲುಗಳನ್ನು (ಇಡೀ ಸಿಸ್ಟಮ್ ಒಂದೇ ಫೈಲಿನಲ್ಲಿ) ಸುಮ್ನೆ ಕಾಪಿ ಮಾಡುತ್ತಾ ಹೋಗಬಹುದು. ಬೂಟ್ ಆಗುವಾಗ ಯಾವುದು ಬೇಕೆಂದು ಮೆನು ಕೇಳುತ್ತದೆ. ಡೆಬಿಯನ್ ಎಂಬ ಲಿನಕ್ಸ್‌ನ ಲೈವ್ ಐಎಸ್‌ಒಗಳು, ಅಂದರೆ ಇನ್‌ಸ್ಟಾಲ್ ಮಾಡದೆ ಓಡುವವು, ಒಂದೊಂದು ಡೆಸ್ಕ್‌ಟಾಪಿಗೂ ಪ್ರತ್ಯೇಕ ಸಿಗುತ್ತವೆ. ಗ್ನೋಮ್, ಎಕ್ಸ್‌ಎಫ್‌ಸಿಇ, ಎಲ್‌ಎಕ್ಸ್‌ಕ್ಯೂಟಿ ಮೂರನ್ನೂ ಒಂದೇ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡೆ. 2 ಜಿಬಿ ಯಂತ್ರದಲ್ಲಿ ಗ್ನೋಮ್ ತೆರೆದು ಒಂದು ಬ್ರೌಸರ್ ಒತ್ತಿದರೆ ಮೌಸ್ ಬಾಣವೇ ನಿಂತುಬಿಟ್ಟಿತು. ಅದರ ಕಥೆ ಅಲ್ಲಿಗೆ ಮುಗಿಯಿತು.

ಪೆನ್‌ಡ್ರೈವ್‌ನಿಂದ ಓಡಿಸುವಾಗ ವೇಗ ಅಳೆಯಬೇಡಿ. ಅದು ಪೆನ್‌ಡ್ರೈವ್‌ನ ವೇಗ, ಡೆಸ್ಕ್‌ಟಾಪಿನದ್ದಲ್ಲ. ವೈಫೈ ಹಿಡಿಯುತ್ತದಾ, ಸೌಂಡ್ ಬರುತ್ತದಾ, ಸ್ಕ್ರೀನ್ ಅಳತೆ ಸರಿ ಇದೆಯಾ, ಅಷ್ಟು ನೋಡಿಕೊಳ್ಳಿ.

ಆಮೇಲೆ ಡೆಬಿಯನ್ 13 ಹಾಕಿದೆ. ಇನ್‌ಸ್ಟಾಲರ್ ಕೊನೆಯ ಹೊತ್ತಿಗೆ ಡೆಸ್ಕ್‌ಟಾಪುಗಳ ಪಟ್ಟಿ ತೋರಿಸುತ್ತದೆ. ಅಲ್ಲಿ ಗ್ನೋಮ್ ಮೊದಲೇ ಟಿಕ್ ಆಗಿರುತ್ತದೆ. ಅದನ್ನು ತೆಗೆದು ಎಕ್ಸ್‌ಎಫ್‌ಸಿಇ, ಎಲ್‌ಎಕ್ಸ್‌ಕ್ಯೂಟಿ ಎರಡಕ್ಕೂ ಟಿಕ್ ಹಾಕಿದೆ. ಒಂದೇ ಯಂತ್ರದಲ್ಲಿ ಎರಡೂ ಇದ್ದರೆ ಲಾಗಿನ್ ಪರದೆಯಲ್ಲಿ ಯಾವುದು ಬೇಕೋ ಆರಿಸಿಕೊಳ್ಳಬಹುದು. ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಯಂತ್ರ ಅದೇ, ಡಿಸ್ಕ್ ಅದೇ, ಬದಲಾಗುವುದು ಡೆಸ್ಕ್‌ಟಾಪ್ ಮಾತ್ರ.

ಲಾಗಿನ್ ಆಗಿ ಏನೂ ತೆರೆಯದೆ, ಟರ್ಮಿನಲ್‌ನಲ್ಲಿ ಫ್ರೀ ಎಂಬ ಕಮಾಂಡ್ ಕೊಟ್ಟು ರ‍್ಯಾಮ್ ಎಷ್ಟು ಹೋಗಿದೆ ಎಂದು ನೋಡಿದೆ. ನಮ್ಮಲ್ಲಿ ಎಲ್‌ಎಕ್ಸ್‌ಕ್ಯೂಟಿ ಸುಮಾರು 400 ಎಂಬಿ ತಗೊಂಡಿತ್ತು. ಎಕ್ಸ್‌ಎಫ್‌ಸಿಇ ಸುಮಾರು 550. ಗ್ನೋಮ್ ಪೆನ್‌ಡ್ರೈವ್‌ನಿಂದ ಓಡಿಸಿದಾಗಲೇ 1 ಜಿಬಿ ದಾಟಿತ್ತು. ನಿಮ್ಮ ಯಂತ್ರದಲ್ಲಿ ಅಂಕಿ ಸ್ವಲ್ಪ ಆಚೆ ಈಚೆ ಆಗಬಹುದು, ಆದರೆ ಈ ಕ್ರಮ ಬದಲಾಗುವುದು ಕಷ್ಟ.

ಈಗ ನನ್ನ ಮುಖ್ಯ ಮಾತು. ಹಗುರ ಡೆಸ್ಕ್‌ಟಾಪ್ ಹಾಕಿದರೆ ಕಂಪ್ಯೂಟರ್ ಓಡಿಬಿಡುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಮಾತ್ರ ನಿಜ. ಡೆಸ್ಕ್‌ಟಾಪ್ ಎಷ್ಟೇ ಹಗುರ ಇದ್ದರೂ ಬ್ರೌಸರ್ ಹಗುರ ಆಗುವುದಿಲ್ಲ. ಸೇವಾ ಸಿಂಧು ಒಂದು ಟ್ಯಾಬ್, ಭೂಮಿ ಒಂದು ಟ್ಯಾಬ್, ಇಮೇಲ್ ಒಂದು ಟ್ಯಾಬ್ ತೆರೆದರೆ ಡೆಸ್ಕ್‌ಟಾಪಿಗಿಂತ ಎರಡು ಮೂರು ಪಟ್ಟು ರ‍್ಯಾಮ್ ಬ್ರೌಸರೇ ನುಂಗುತ್ತದೆ. ಹಗುರ ಡೆಸ್ಕ್‌ಟಾಪಿನಿಂದ ನಮಗೆ ಸಿಗುವುದು ಆ ಬ್ರೌಸರಿಗೆ ಬಿಟ್ಟುಕೊಡುವ ಜಾಗ. 8 ಜಿಬಿ ಇರುವವರಿಗೆ ಈ ಉಳಿತಾಯ ಗೊತ್ತೇ ಆಗುವುದಿಲ್ಲ. ಅವರು ಯಾವುದು ಚೆಂದ ಕಾಣುತ್ತದೋ ಅದನ್ನು ಹಾಕಿಕೊಳ್ಳಲಿ. 2 ಜಿಬಿಯಲ್ಲಿ ಮಾತ್ರ 600 ಎಂಬಿ ಉಳಿದರೆ ಒಂದು ಅರ್ಜಿ ತುಂಬಿ ಮುಗಿಸಬಹುದು, ಇಲ್ಲದಿದ್ದರೆ ಒಟಿಪಿ ಬರುವಷ್ಟರಲ್ಲಿ ಪೇಜ್ ಸತ್ತಿರುತ್ತದೆ.

ಹಾಗಾಗಿ ಡೆಸ್ಕ್‌ಟಾಪ್ ಜೊತೆಗೆ ಇನ್ನೆರಡು ಕೆಲಸ ಮಾಡಿದೆ. ಒಂದು, ಝಡ್‌ರ‍್ಯಾಮ್. ಇದು ರ‍್ಯಾಮಿನ ಒಂದು ಭಾಗದಲ್ಲಿ ಡೇಟಾವನ್ನು ಒತ್ತಿ ಚಿಕ್ಕದು ಮಾಡಿ ಇಡುತ್ತದೆ. ನಿಧಾನದ ಡಿಸ್ಕಿಗೆ ಹೋಗಿ ಬರುವ ಕೆಲಸ ಕಡಿಮೆ ಆಗುತ್ತದೆ. ಡೆಬಿಯನ್‌ನಲ್ಲಿ ಝಡ್‌ರ‍್ಯಾಮ್ ಟೂಲ್ಸ್ ಪ್ಯಾಕೇಜ್ ಹಾಕಿ, ಅದರ ಸೆಟ್ಟಿಂಗ್ ಫೈಲಿನಲ್ಲಿ ಶೇಕಡಾ 50 ಎಂದು ಬರೆದರೆ ಮುಗಿಯಿತು. ಎರಡು, ಹಾರ್ಡ್ ಡಿಸ್ಕ್ ತೆಗೆದು ಚಿಕ್ಕ ಎಸ್‌ಎಸ್‌ಡಿ. ಹಳೆ ಬೋರ್ಡಿನ ಸಾಟಾ ಪೋರ್ಟಿಗೇ ಅದು ಕೂರುತ್ತದೆ. ನಿಜ ಹೇಳಬೇಕೆಂದರೆ, ಕಣ್ಣಿಗೆ ಕಾಣುವಂಥ ವೇಗ ಬಂದದ್ದು ಎಸ್‌ಎಸ್‌ಡಿಯಿಂದಲೇ. ದುಡ್ಡು ಒಂದಕ್ಕೇ ಇದೆ ಎಂದರೆ ಅದಕ್ಕೇ ಹಾಕಿ. ಡಿಡಿಆರ್2 ರ‍್ಯಾಮ್ ಹೊಸದು ಸಿಗುವುದು ಕಷ್ಟ. ಬೆಂಗಳೂರಿನ ಎಸ್.ಪಿ. ರೋಡ್ ಕಡೆ ಹೋಗುವವರಿದ್ದರೆ ಹಳೆಯದನ್ನು ಹುಡುಕಿ ತರಿಸಬಹುದು. ಹಾಗೇ ಪೆಟ್ಟಿಗೆ ಬಿಚ್ಚಿದಾಗ ಫ್ಯಾನಿನ ಧೂಳು ಬಳಿದು, ಪ್ರೊಸೆಸರಿಗೆ ಹೊಸ ಥರ್ಮಲ್ ಪೇಸ್ಟ್ ಹಚ್ಚಿ. ನಮ್ಮ ಬಿಸಿಲಿಗೆ, ರೈಸ್ ಮಿಲ್ಲಿನ ಧೂಳಿಗೆ ಅದು ಬೇಕೇ ಬೇಕು.

ಕನ್ನಡ ಟೈಪಿಂಗ್ ವಿಷಯಕ್ಕೆ ಬರೋಣ. ನನಗೆ ಜಾಸ್ತಿ ಹೊತ್ತು ಹಿಡಿದದ್ದು ಇದೇ. ನಮ್ಮ ಹುಡುಗರು ಕಲಿಯುವುದು ನುಡಿ ಕೀಲಿಮಣೆ, ಅಂದರೆ ಕನ್ನಡ ಗಣಕ ಪರಿಷತ್ತಿನ ವಿನ್ಯಾಸ. ಒತ್ತಕ್ಷರ ಬೇಕೆಂದರೆ ನಡುವೆ ಎಫ್ ಕೀ ಒತ್ತುವುದು ಅವರ ಬೆರಳಿಗೆ ಅಭ್ಯಾಸ ಆಗಿದೆ. ಅದು ಬದಲಾದರೆ ಪರೀಕ್ಷೆಯಲ್ಲಿ ಸ್ಪೀಡ್ ಹೋಗುತ್ತದೆ. ಲಿನಕ್ಸ್‌ನಲ್ಲಿ ಐಬಸ್ ಎಂಬ ಟೈಪಿಂಗ್ ಸಾಫ್ಟ್‌ವೇರ್ ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿದರೆ ಕನ್ನಡದ ಕೆಳಗೆ ಕೆಜಿಪಿ, ಐಟ್ರಾನ್ಸ್, ಇನ್‌ಸ್ಕ್ರಿಪ್ಟ್ ಎಂದು ಪಟ್ಟಿ ಬರುತ್ತದೆ. ಕೆಜಿಪಿ ಅಂದರೆ ಗಣಕ ಪರಿಷತ್ತಿನದ್ದೇ, ಅದನ್ನು ಆರಿಸಿಕೊಂಡೆ.

ದೊಡ್ಡ ಡೆಸ್ಕ್‌ಟಾಪುಗಳಲ್ಲಿ ಇದು ಸೆಟ್ಟಿಂಗ್ಸ್ ಒಳಗೇ ಇರುತ್ತದೆ. ಹಗುರದವುಗಳಲ್ಲಿ ನಾವೇ ಜೋಡಿಸಿಕೊಳ್ಳಬೇಕು. ಡೆಬಿಯನ್‌ನ ಐಎಂ ಕಾನ್ಫಿಗ್ ಎಂಬ ಟೂಲ್ ತೆರೆದು ಐಬಸ್ ಆರಿಸಿ, ಲಾಗ್ ಔಟ್ ಆಗಿ ಮತ್ತೆ ಒಳಗೆ ಬಂದರೆ ಮಾತ್ರ ಎಲ್ಲ ಪ್ರೋಗ್ರಾಂಗಳಿಗೂ ಕನ್ನಡ ಹೋಗುತ್ತದೆ. ಲಾಗ್ ಔಟ್ ಮಾಡದಿದ್ದರೆ ಬ್ರೌಸರಿನಲ್ಲಿ ಕನ್ನಡ ಬರುತ್ತದೆ, ಎಡಿಟರಿನಲ್ಲಿ ಬರುವುದಿಲ್ಲ, ಇಂಥ ವಿಚಿತ್ರಗಳು ಕಾಣಬಹುದು. ಭಾಷೆ ಬದಲಿಸಲು ಕಂಟ್ರೋಲ್ ಮತ್ತು ಸ್ಪೇಸ್ ಇಟ್ಟೆ.

ಫಾಂಟ್ ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಚೌಕಗಳು ಕಾಣುತ್ತವೆ. ಲೋಹಿತ್, ಗುಬ್ಬಿ, ನವಿಲು, ನೋಟೋ ಎಲ್ಲ ಪ್ಯಾಕೇಜ್ ರೂಪದಲ್ಲೇ ಸಿಗುತ್ತವೆ. ಓದಲು ನನಗೆ ನೋಟೋ ಇಷ್ಟ, ಪ್ರಿಂಟಿಗೆ ಗುಬ್ಬಿ. ಇನ್ನೊಂದು ತಲೆನೋವು ಹಳೆ ಫೈಲುಗಳದ್ದು. ಜನ ಪೆನ್‌ಡ್ರೈವ್‌ನಲ್ಲಿ ತರುವ ಎಷ್ಟೋ ಅರ್ಜಿ, ಬಾಡಿಗೆ ಕರಾರು ಪತ್ರ ನುಡಿಯ ಆಸ್ಕಿ ಫಾಂಟಿನಲ್ಲಿರುತ್ತವೆ, ಅಂದರೆ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡ ಕೂರಿಸಿದ ಹಳೆ ಫಾಂಟು. ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳು. ಆ ಫಾಂಟಿನ ಟಿಟಿಎಫ್ ಫೈಲನ್ನು ನಿಮ್ಮ ಫಾಂಟ್ಸ್ ಫೋಲ್ಡರಿಗೆ ಹಾಕಿದರೆ ಲಿಬ್ರೆ ಆಫೀಸ್‌ನಲ್ಲಿ ಅವು ಓದಲು, ಪ್ರಿಂಟ್ ಕೊಡಲು ಬರುತ್ತವೆ. ತಿದ್ದಬೇಕು ಎಂದರೆ ಮಾತ್ರ ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರ್ ಬೇಕು. ನಾನು ಎರಡನ್ನೂ ಇಟ್ಟುಕೊಂಡಿದ್ದೇನೆ.

ಪ್ರಿಂಟರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ವೈಫೈ ಇರುವ ಹೊಸ ಪ್ರಿಂಟರ್ ಡ್ರೈವರ್ ಇಲ್ಲದೆಯೇ ಕಾಣಿಸಿಕೊಂಡಿತು. ಹಳೆ ಲೇಸರ್ ಪ್ರಿಂಟರ್ ಗೋಳು ಹೊಯ್ದುಕೊಂಡಿತು. ಸೆಕೆಂಡ್ ಹ್ಯಾಂಡ್ ಪ್ರಿಂಟರ್ ಕೊಳ್ಳುವವರು ಮಾಡೆಲ್ ನಂಬರಿನ ಜೊತೆ ಲಿನಕ್ಸ್ ಎಂದು ಹುಡುಕಿ ನೋಡಿ ಆಮೇಲೆ ದುಡ್ಡು ಕೊಡಿ. ಹೆಬ್ಬೆಟ್ಟು ಹಿಡಿಯುವ ಯಂತ್ರದ ಸಾಫ್ಟ್‌ವೇರ್ ಮಾತ್ರ ನಮಗೆ ವಿಂಡೋಸ್‌ಗಷ್ಟೇ ಸಿಕ್ಕಿತು. ಅದಕ್ಕೆಂದೇ ಸ್ವಲ್ಪ ಹೊಸದಾದ ಒಂದು ಯಂತ್ರವನ್ನು ವಿಂಡೋಸ್‌ನಲ್ಲೇ ಬಿಟ್ಟಿದ್ದೇನೆ. ಎಲ್ಲವನ್ನೂ ಲಿನಕ್ಸ್ ಮಾಡುತ್ತೇನೆ ಎಂದು ಹಟ ಹಿಡಿದರೆ ಅಂಗಡಿ ನಡೆಯುವುದಿಲ್ಲ.

ಎಕ್ಸ್‌ಎಫ್‌ಸಿಇಯಾ, ಎಲ್‌ಎಕ್ಸ್‌ಕ್ಯೂಟಿಯಾ? ಕೊನೆಗೆ ಎರಡೂ ಉಳಿದವು. ಕ್ಲಾಸಿನ 2 ಜಿಬಿ ಯಂತ್ರಗಳಿಗೆ ಎಲ್‌ಎಕ್ಸ್‌ಕ್ಯೂಟಿ. ಕೆಳಗೊಂದು ಪಟ್ಟಿ, ಎಡಕ್ಕೆ ಮೆನು, ಬಲಕ್ಕೆ ಗಡಿಯಾರ. ಮೊದಲ ದಿನ ಒಬ್ಬ ಹುಡುಗ "ಮೇಡಂ, ವಿಂಡೋಸ್ ಎಲ್ಲಿ ಹೋತ್ರಿ?" ಎಂದು ಕೇಳಿದ. "ಕೆಳಗ ಎಡಕ್ಕ ಒತ್ತಿ ನೋಡಪಾ" ಎಂದೆ. ಒತ್ತಿದ, ಮೆನು ಬಂತು, ಕೆಲಸ ಶುರು ಮಾಡಿದ. ಕೈ ಹೋಗುವ ಜಾಗದಲ್ಲಿ ಬಟನ್ ಇದ್ದರೆ ಹುಡುಗರು ಹೆಸರಿನ ಬಗ್ಗೆ ತಲೆ ಕೆಡಿಸಿಕೊಳ್ಳುವುದಿಲ್ಲ.

ಎಲ್‌ಎಕ್ಸ್‌ಕ್ಯೂಟಿಯಲ್ಲಿ ಒಂದು ಕೊರತೆ ಕಂಡಿತು. ಪೇಜ್ ಮೇಲೆ ಕೆಳಗೆ ಸರಿಸುವಾಗ ಪರದೆ ನಡುವೆ ಹರಿದ ಹಾಗೆ ಕಾಣುತ್ತಿತ್ತು. ಅದಕ್ಕೆ ತನ್ನದೇ ವಿಂಡೋ ಮ್ಯಾನೇಜರ್ (ಕಿಟಕಿಗಳನ್ನು ಇಡುವ, ಸರಿಸುವ ಪ್ರೋಗ್ರಾಂ) ಇಲ್ಲ, ಓಪನ್‌ಬಾಕ್ಸ್‌ನಂಥ ಬೇರೆಯವರದ್ದನ್ನು ಬಳಸುತ್ತದೆ. ಓಪನ್‌ಬಾಕ್ಸ್‌ನಲ್ಲಿ ಕಂಪೋಸಿಟರ್, ಅಂದರೆ ಚಿತ್ರವನ್ನು ಪೂರ್ತಿ ಜೋಡಿಸಿ ಪರದೆಗೆ ಕೊಡುವ ಭಾಗ, ಇಲ್ಲ. ಸೆಷನ್ ಸೆಟ್ಟಿಂಗ್ಸ್‌ಗೆ ಹೋಗಿ ಅದರ ಜಾಗದಲ್ಲಿ ಎಕ್ಸ್‌ಎಫ್‌ಸಿಇಯ ವಿಂಡೋ ಮ್ಯಾನೇಜರನ್ನು ಕೂರಿಸಿದೆ. ಹರಿಯುವುದು ನಿಂತಿತು, ರ‍್ಯಾಮ್ ಸ್ವಲ್ಪವೇ ಏರಿತು. ಹೀಗೆ ಒಂದರ ಭಾಗ ತೆಗೆದು ಇನ್ನೊಂದಕ್ಕೆ ಹಾಕಬಹುದು ಅನ್ನುವುದೇ ನನಗೆ ಬಹಳ ಹಿಡಿಸಿದ್ದು.

ಕೌಂಟರಿನ 4 ಜಿಬಿ ಯಂತ್ರಕ್ಕೆ ಎಕ್ಸ್‌ಎಫ್‌ಸಿಇ. ಕಾರಣ ಒಂದೇ, ಅದರ ಫೈಲ್ ಮ್ಯಾನೇಜರ್ ಥುನಾರ್. ಅರ್ಜಿಗಳಲ್ಲಿ ಫೋಟೋ 50 ಕೆಬಿ ಒಳಗಿರಲಿ, ಸಹಿ ಇಷ್ಟು ಕೆಬಿ ಇರಲಿ ಎಂದು ಕೇಳುತ್ತಾರಲ್ಲ, ಅದೇ ನಮ್ಮ ದಿನದ ದೊಡ್ಡ ಕೆಲಸ. ಮೊದಲು ಯಾವುದೋ ವೆಬ್‌ಸೈಟಿಗೆ ಜನರ ಫೋಟೋ, ಆಧಾರ್ ಎಲ್ಲ ಹಾಕಿ ಚಿಕ್ಕದು ಮಾಡುತ್ತಿದ್ದೆವು. ಥುನಾರ್‌ನಲ್ಲಿ ಕಸ್ಟಮ್ ಆಕ್ಷನ್ ಎಂಬ ಸೌಲಭ್ಯ ಇದೆ. ರೈಟ್ ಕ್ಲಿಕ್ ಮೆನುವಿಗೆ ನಮ್ಮದೇ ಕೆಲಸ ಸೇರಿಸಬಹುದು. ಇಮೇಜ್ ಮ್ಯಾಜಿಕ್ ಹಾಕಿಕೊಂಡು, ಜೆಪೆಗ್ ಫೈಲನ್ನು 50 ಕೆಬಿ ಒಳಗೆ ತರುವ ಒಂದು ಸಾಲಿನ ಕಮಾಂಡ್ ಬರೆದು, "ಫೋಟೋ 50 ಕೆಬಿ" ಎಂದು ಹೆಸರಿಟ್ಟೆ. ಪಿಡಿಎಫ್ ಚಿಕ್ಕದು ಮಾಡಲು ಘೋಸ್ಟ್‌ಸ್ಕ್ರಿಪ್ಟ್‌ನಿಂದ ಇನ್ನೊಂದು. ಈಗ ಫೋಟೋ ಮೇಲೆ ರೈಟ್ ಕ್ಲಿಕ್ ಮಾಡಿದರೆ ಕೆಲಸ ಆಯಿತು, ಜನರ ಕಾಗದ ಅಂಗಡಿ ಬಿಟ್ಟು ಹೊರಗೆ ಹೋಗುವುದಿಲ್ಲ. ಕಮಾಂಡ್ ಬರೆಯುವಾಗ ಹೊಸ ಹೆಸರಿನಲ್ಲಿ ಸೇವ್ ಆಗುವ ಹಾಗೆ ಬರೆಯಿರಿ, ಮೂಲ ಫೋಟೋ ಉಳಿಯಬೇಕು. ಸ್ಕ್ಯಾನ್ ಮಾಡಿದ ಫೈಲುಗಳ ಹೆಸರನ್ನು ಒಟ್ಟಿಗೆ ಬದಲಿಸುವ ಟೂಲ್ ಕೂಡ ಥುನಾರ್‌ನಲ್ಲೇ ಇದೆ. ಎಲ್‌ಎಕ್ಸ್‌ಕ್ಯೂಟಿಯಲ್ಲೂ ರೈಟ್ ಕ್ಲಿಕ್ ಮೆನುವಿಗೆ ಸೇರಿಸಬಹುದು, ಆದರೆ ಅದಕ್ಕೆ ಫೈಲನ್ನು ಕೈಯಿಂದ ಬರೆಯಬೇಕು. ನಮ್ಮ ಅಂಗಡಿಯ ಹುಡುಗಿಗೆ ಹೇಳಿಕೊಡಲು ಥುನಾರ್ ಸುಲಭ ಆಯಿತು.

ಕ್ಯಾಂಪಿನಿಂದ ಪಹಣಿಗೆ ಬರುವ ಹಿರಿಯರೊಬ್ಬರಿದ್ದಾರೆ. ಪರದೆ ಬದಲಾದದ್ದನ್ನು ಗಮನಿಸಿದವರು ಅವರೊಬ್ಬರೇ. "ಏನವ್ವ ತಂಗಿ, ಹೊಸಾದು ತಂದಿಯೇನು?" ಎಂದು ಕೇಳಿದರು. "ಇಲ್ರೀ, ಹಳೇದ ಐತ್ರಿ" ಎಂದೆ. "ಹಂಗಾದ್ರ ಪಹಣಿ ರೇಟು ಏರಂಗಿಲ್ಲ ಬಿಡು" ಎಂದು ನಕ್ಕರು.

ಕರೆಂಟಿನ ವಿಷಯವನ್ನೂ ಕೆಲವರು ಕೇಳುತ್ತಾರೆ. ವಿದ್ಯುತ್ ಸ್ಥಾವರದ ಶಕ್ತಿನಗರ ಇರುವ ಜಿಲ್ಲೆಯಾದರೂ ನಮ್ಮಲ್ಲೂ ಕರೆಂಟ್ ಹೋಗುತ್ತದೆ. ಡೆಬಿಯನ್ ಹಾಕುವಾಗ ಬರುವ ಎಕ್ಸ್ಟ್4 ಫೈಲ್ ಸಿಸ್ಟಮ್ ತನ್ನ ಕೆಲಸದ ದಾಖಲೆ ಇಟ್ಟುಕೊಳ್ಳುತ್ತದೆ, ಮತ್ತೆ ಆನ್ ಆದಾಗ ತಾನೇ ಸರಿಪಡಿಸಿಕೊಳ್ಳುತ್ತದೆ. ಸೇವ್ ಮಾಡದ ಕಾಗದ ಮಾತ್ರ ಹೋದದ್ದು ಹೋದದ್ದೇ. ಲಿಬ್ರೆ ಆಫೀಸ್‌ನಲ್ಲಿ ಆಟೋ ರಿಕವರಿಯನ್ನು 2 ನಿಮಿಷಕ್ಕೆ ಇಟ್ಟುಕೊಳ್ಳಿ.

ಉಳಿದದ್ದು ಒಂದು 32 ಬಿಟ್ ಯಂತ್ರ, ಹಳೆ ಆಟಮ್ ಪ್ರೊಸೆಸರಿನದ್ದು. ಡೆಬಿಯನ್ 13ಕ್ಕೆ 32 ಬಿಟ್ ಇನ್‌ಸ್ಟಾಲರ್ ಇಲ್ಲ. ಅದಕ್ಕೆ ಡೆಬಿಯನ್ 12 ಮತ್ತು ಎಲ್‌ಎಕ್ಸ್‌ಕ್ಯೂಟಿ ಹಾಕಿ, ನೆಟ್ ವೈರ್ ತೆಗೆದು, ಬ್ರೌಸರನ್ನೂ ತೆಗೆದುಬಿಟ್ಟೆ. ಟೈಪಿಂಗ್ ಕಲಿಯುವ ಕ್ಲಾವಾರೋ, ಒಂದು ಟೆಕ್ಸ್ಟ್ ಎಡಿಟರ್, ಐಬಸ್ ಅಷ್ಟೇ ಅದರಲ್ಲಿವೆ. ಹೊಸದಾಗಿ ಸೇರುವ ಹುಡುಗರನ್ನು ಮೊದಲು ಅದರ ಮುಂದೆಯೇ ಕೂರಿಸುತ್ತೇನೆ. ಯೂಟ್ಯೂಬ್ ಇಲ್ಲದ ಕಾರಣ ಅವರ ಸ್ಪೀಡ್ ಬೇರೆಯವರಿಗಿಂತ ಬೇಗ ಏರುತ್ತಿದೆ.